ಗೌಸ್ ಭಾಯ್‌ಗೆ ನಾಲ್ಕು ಬಾಗಿಲು ಬೇಕಿತ್ತು

ಗೌಸ್ ಭಾಯ್ ಅವರ ಕೆಂಪು ಕಾರಿಗೆ ಇದ್ದದ್ದೇ ಎರಡು ಬಾಗಿಲು. ಅದರಲ್ಲೂ ಬಲಗಡೆಯದು ಮಳೆ ಬಂದ ದಿನ ತೆರೆಯುತ್ತಿರಲಿಲ್ಲ. ಒಬ್ಬಂಟಿಯಾಗಿರುವವನಿಗೆ ಇದೊಂದು ಕೊರತೆಯೇ ಅಲ್ಲ. ಹತ್ತುವುದಕ್ಕೆ ಒಂದು ಬಾಗಿಲು ಸಾಕು, ಇಳಿಯುವುದಕ್ಕೂ ಅದೇ ಆಗುತ್ತದೆ. ಹದಿನಾರು ತಿಂಗಳು ಅವರು ಹಾಗೆಯೇ ಹತ್ತಿ, ಹಾಗೆಯೇ ಇಳಿದು, ನ್ಯೂಜೆರ್ಸಿಯ ಎಡಿಸನ್ನಿನಿಂದ ಸಮರ್‌ಸೆಟ್ಟಿನ ಔಷಧಿ ಕಂಪನಿಗೆ ಹೋಗಿಬಂದರು. ಮಾತ್ರೆ ಡಬ್ಬಿಗಳ ಮೇಲಿನ ಲೇಬಲ್ ಸರಿಯಾಗಿದೆಯೇ ಎಂದು ನೋಡುವುದು ಅಲ್ಲಿ ಅವರ ಕೆಲಸ. ಸಂಜೆ ಮನೆಗೆ ಬಂದು ಅನ್ನಕ್ಕಿಟ್ಟು, ಅದು ಬೇಯುವ ತನಕ ಮೈಸೂರಿನಲ್ಲಿ ಈಗ ಎಷ್ಟು ಗಂಟೆ ಎಂದು ನನ್ನನ್ನು ಕೇಳುವುದು ಅವರ ಅಭ್ಯಾಸ. ಕೈಯಲ್ಲಿ ವಾಚಿರುತ್ತಿತ್ತು, ಲೆಕ್ಕವೂ ಗೊತ್ತಿತ್ತು, ಆದರೂ ಕೇಳುತ್ತಿದ್ದರು.

ನಾನು ಅವರ ರೂಮ್‌ಮೇಟ್ ಅಮರೇಶ್ವರ, ಲಿಂಗಸುಗೂರಿನವನು, ಎಂ.ಎಸ್. ವಿದ್ಯಾರ್ಥಿ. ಕಾರುಗಳ ಬಗ್ಗೆ ನನಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಯಾವ ಮಾಡೆಲ್ಲಿಗೆ ಎಷ್ಟು ಲೀಟರಿನ ಎಂಜಿನ್, ಯಾವ ವರ್ಷ ಹಿಂದಿನ ಲೈಟಿನ ಆಕಾರ ಬದಲಾಯಿತು, ಯಾವುದರ ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್ ಹಿಡಿಸುತ್ತವೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಲೈಸೆನ್ಸ್ ಮಾತ್ರ ಇನ್ನೂ ಬಂದಿರಲಿಲ್ಲ. ಪ್ಯಾರಲಲ್ ಪಾರ್ಕಿಂಗ್ ಎಂಬ ಕ್ಷುಲ್ಲಕ ಕಾರಣಕ್ಕೆ ಎರಡು ಸಲ ವಾಪಸ್ ಕಳಿಸಿದ್ದರು.

2009ರ ಮೇ ತಿಂಗಳಲ್ಲಿ ಗೌಸ್ ಭಾಯ್ ಅವರ ಹೆಂಡತಿ ಜಾಹಿದಾ ಭಾಭಿಗೂ ನಾಲ್ಕು ವರ್ಷದ ಮಗಳು ತಹ್ರೀಮ್‌ಗೂ ಕೊನೆಗೆ ವೀಸಾ ಸಿಕ್ಕಿತು. ಟಿಕೆಟ್ಟೂ ಆಯಿತು. ಇನ್ನು ಹದಿಮೂರೇ ದಿನ, ಶನಿವಾರ ಮಧ್ಯಾಹ್ನ, ನ್ಯೂಆರ್ಕ್ ಏರ್‌ಪೋರ್ಟ್. ಆ ಸುದ್ದಿ ಬಂದ ಭಾನುವಾರ ಭಾಯ್ ಕೆಳಗೆ ಪಾರ್ಕಿಂಗ್ ಲಾಟಿಗೆ ಹೋಗಿ ಕೆಂಪು ಕಾರನ್ನು ಮೂರು ಸುತ್ತು ಸುತ್ತಿದರು.

"ಅಮರೇಶ, ಇದರಲ್ಲಿ ನನ್ನ ಮಗಳು ಹಿಂದಿನ ಸೀಟಿಗೆ ಹೆಂಗೆ ಹೋಗ್ತಾಳೆ?"

"ಮುಂದಿನ ಸೀಟ್ ಮಡಚ್ರಿ ಭಾಯ್. ಸಂದ್ಯಾಗಿಂದ ತೂರ್ಕೊಂಡು ಹೋಗ್ತಾಳ."

"ಹದಿನಾರು ತಿಂಗಳು ಕಾದು ಬರ್ತಿದ್ದಾಳೆ ಕಣಪ್ಪಾ. ಅವಳು ತೂರ್ಕೊಂಡೆಲ್ಲಾ ಹೋಗಲ್ಲ. ನಾನು ಬಾಗಿಲು ತೆಗೀತೀನಿ, ಅವಳು ಹತ್ತಿ ಕೂತ್ಕೋತಾಳೆ. ಅಷ್ಟೆ."

ಹೀಗೆ ನಾಲ್ಕು ಬಾಗಿಲಿನ ಫ್ಯಾಮಿಲಿ ಕಾರಿನ ಹುಡುಕಾಟ ಶುರುವಾಯಿತು.

ಹುಡುಕಾಟಕ್ಕೆ ಮೊದಲೇ ಭಾಯ್ ಮಗುವಿನ ಕಾರ್ ಸೀಟು ಕೊಂಡು ತಂದು ನಮ್ಮ ಸೋಫಾದ ಮೇಲೆ ಇಟ್ಟಿದ್ದರು. ಅದರ ಬೆಲ್ಟು ಹಾಕಿ ತೆಗೆಯುವ ಅಭ್ಯಾಸ ಬೇಕಲ್ಲ. ಫೋನಿನಲ್ಲಿ ತಹ್ರೀಮಳ ತೂಕ ಕೇಳಿದರು. ಹದಿಮೂರೂವರೆ ಕಿಲೋ ಅಂದರು ಭಾಭಿ. ಭಾಯ್ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಕೂರಿಸಿ, ಅದರ ಮೇಲೆ ಹತ್ತು ಪೌಂಡಿನ ತೊಗರಿಬೇಳೆ ಇಟ್ಟು, ಬೆಲ್ಟು ಬಿಗಿದರು. ಸರಿಯಾಗಿ ಅಷ್ಟೇ ತೂಕ. ಅವತ್ತಿನಿಂದ ನಾವು ಅಡುಗೆಗೆ ಬೇರೆ ಅಕ್ಕಿ ತರಬೇಕಾಯಿತು.

ಆ ಅಕ್ಕಿಯನ್ನೂ ಕಾರ್ ಸೀಟನ್ನೂ ಕರೆದುಕೊಂಡೇ ನಾವು ರೂಟ್ ಒನ್ ಹೆದ್ದಾರಿ ಪಕ್ಕದ ಕಾರಿನಂಗಡಿಗಳಿಗೆಲ್ಲ ಹೋದೆವು. ಆರ್ಥಿಕ ಹಿಂಜರಿತದ ಆ ವರ್ಷ ಕಾರು ಕೊಳ್ಳುವವರೇ ಇರಲಿಲ್ಲ. ಗೇಟಿನೊಳಗೆ ಕಾಲಿಟ್ಟರೆ ಸೇಲ್ಸ್‌ಮನ್‌ಗಳು ಮೈಸೂರು ಬಸ್‌ಸ್ಟ್ಯಾಂಡಿನ ಆಟೋದವರ ಹಾಗೆ ಓಡಿಬರುತ್ತಿದ್ದರು. ಅವರಲ್ಲಿ ಮೊದಲು ತಲುಪಿದವನು ಟೋನಿ ಎಂಬ ದಪ್ಪ ಮೀಸೆಯವನು. ಭಾಯ್ ಹಿಂದಿನ ಸೀಟಿನಲ್ಲಿ ಅಕ್ಕಿ ಕೂರಿಸಿ ಬೆಲ್ಟು ಹಾಕುವುದನ್ನು ನೋಡಿ ಅದೇನು ಎಂದು ಕೇಳಿದ.

"ಮೈ ಡಾಟರ್," ಅಂದರು ಭಾಯ್.

ಟೋನಿ ಒಂದು ಕ್ಷಣ ಯೋಚಿಸಿದ. ವ್ಯಾಪಾರ ಇಲ್ಲದ ಕಾಲ. "ಬ್ಯೂಟಿಫುಲ್," ಅಂದ.

ನಾನು ಎಂಜಿನ್ ಶಬ್ದ ಕೇಳಿ, ಟೈರು ಒದ್ದು, ಸಸ್ಪೆನ್ಷನ್ ಬಗ್ಗೆ ಟೋನಿಗೇ ಪಾಠ ಮಾಡುತ್ತಿದ್ದೆ. ಭಾಯ್ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ತಿರುಗಿಸಿ, ಹಿಂದೆ ಅಕ್ಕಿ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಒಂದರಲ್ಲಿ ತೀರಾ ಕೆಳಗಾಯಿತು, ಇನ್ನೊಂದರಲ್ಲಿ ಹೆಡ್‌ರೆಸ್ಟ್ ಅಡ್ಡ ಬಂತು. ಮೂರನೆಯದು ಮೂರು ವರ್ಷ ಹಳೆಯ ಕ್ಯಾಮ್ರಿ, ಆಕಾಶ ನೀಲಿ. ಅದರಲ್ಲಿ ಕೂತು ಕನ್ನಡಿ ನೋಡಿದವರು ಎಷ್ಟು ಹೊತ್ತಾದರೂ ಎದ್ದೇಳಲಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಒಂದು ತಿರುವು ಬಂದಾಗ ಕೈ ಹಿಂದಕ್ಕೆ ಚಾಚಿ, "ಹುಷಾರು ಬೇಟಾ, ಅಬ್ಬಾ ಇದ್ದೀನಿ," ಅಂದರು. ಟೋನಿ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಆ ಕಾರೇ ಎಂದು ತೀರ್ಮಾನವಾಯಿತು. ಮುಂದಿನ ವಾರದ ಶುಕ್ರವಾರದ ತನಕ ಇಟ್ಟಿರುತ್ತೇನೆ ಎಂದ ಟೋನಿ. ಕೆಂಪು ಕಾರನ್ನು ಬದಲಿಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, ಅದನ್ನು ಒಂದು ಸುತ್ತು ಸುತ್ತಿ ಬಂದು, ಬೇಕಾದರೆ ಎಳೆದುಕೊಂಡು ಹೋಗುವ ಖರ್ಚು ನಾವೇ ಹಾಕಿಕೊಳ್ಳುತ್ತೇವೆ ಅಂದ. ಭಾಯ್‌ಗೆ ಅವಮಾನವಾಯಿತು.

"ನಾವೇ ಮಾರೋಣ ಅಮರೇಶ. ನಮ್ಮೋರು ಯಾರಾದ್ರೂ ತಗೋತಾರೆ."

ಜಾಹೀರಾತು ಬರೆದವನು ನಾನೇ. ಎರಡು ನಿಮಿಷದಲ್ಲಿ ಟೈಪ್ ಮಾಡಿ ಮುಗಿಸಿದೆ: "ಕಾರು ಮಾರಾಟಕ್ಕಿದೆ. ಕೆಂಪು. ಬೇಗ ಹೋಗಬೇಕು. ಗೌಸ್, ಎಡಿಸನ್." ಕನ್ನಡದವರ ಮೇಲಿಂಗ್ ಲಿಸ್ಟಿಗೆ ಒಂದು ಕಳಿಸಿ, ಓಕ್ ಟ್ರೀ ರೋಡಿನ ದಿನಸಿ ಅಂಗಡಿಯ ಬೋರ್ಡಿಗೆ ಒಂದು ಚುಚ್ಚಿಬಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ವರ್ಷ ನಮ್ಮವರಲ್ಲಿ ಸುಮ್ಮಸುಮ್ಮನೆ ಯಾರೂ ಕಾರು ಮಾರುತ್ತಿರಲಿಲ್ಲ. ಕೆಲಸ ಹೋದರೆ ಅದರ ಹಿಂದೆಯೇ ವೀಸಾ ಹೋಗುತ್ತದೆ. ವೀಸಾ ಹೋದವನು ಮೊದಲು ಕಾರು ಮಾರುತ್ತಾನೆ, ಆಮೇಲೆ ಸೋಫಾ, ಕೊನೆಯ ದಿನ ಕುಕ್ಕರ್. ಹೀಗಾಗಿ ಮೇಲಿಂಗ್ ಲಿಸ್ಟಿನಲ್ಲಿ ಯಾರದಾದರೂ ಕಾರು ಕಂಡಿತೆಂದರೆ ಓದಿದವರು ನಿಟ್ಟುಸಿರು ಬಿಟ್ಟು, ಅವರ ಮನೆಗೆ ಒಂದು ಡಬ್ಬಿ ಅಡುಗೆ ಕಳಿಸುತ್ತಿದ್ದರು. ಆದರೆ ಕೆಲಸ ಹೋಯಿತು ಎಂಬ ಮಾತನ್ನು ಅಪ್ಪಿತಪ್ಪಿಯೂ ಎದುರಿಗೆ ಆಡುತ್ತಿರಲಿಲ್ಲ. ಅದು ಮರ್ಯಾದೆ. ಇಷ್ಟೆಲ್ಲ ನನಗೂ ಗೊತ್ತಿತ್ತು. ಟೈಪ್ ಮಾಡುವಾಗ ನೆನಪಾಗಲಿಲ್ಲ, ಅಷ್ಟೆ.

ಸಂಜೆಯೊಳಗೆ ಎದುರು ಬ್ಲಾಕಿನ ಅರವಿಂದ್ ಮತ್ತು ಅವರ ಹೆಂಡತಿ ವಿಜಿ ಬಂದರು. ಬಿಸಿಬೇಳೆಬಾತಿನ ದೊಡ್ಡ ಡಬ್ಬಿಯನ್ನು ವಿಜಿ ಸದ್ದಾಗದಂತೆ ಮೇಜಿನ ಮೇಲಿಟ್ಟರು. ಅರವಿಂದ್ ಚಪ್ಪಲಿಯನ್ನು ಹೊರಗೇ ಬಿಟ್ಟು, ತಲೆ ತಗ್ಗಿಸಿ, ಸೋಫಾದ ತುದಿಯಲ್ಲಿ ಕೂತರು. ಪಕ್ಕದಲ್ಲಿ ಅಕ್ಕಿಯೂ ಬೆಲ್ಟು ಹಾಕಿಕೊಂಡು ಕೂತಿತ್ತು.

"ಮೇಲ್ ನೋಡಿದ್ವಿ," ಅಂದರು ಅರವಿಂದ್.

"ಓ, ಆಗ್ಲೇ ನೋಡಿದ್ರಾ? ನನಗಂತೂ ತಡ್ಕೊಳ್ಳೋಕೇ ಆಗ್ತಿಲ್ಲ ಅರವಿಂದ್. ರಾತ್ರಿ ನಿದ್ದೆ ಬರಲ್ಲ."

"ಹೇಗೆ ಬರುತ್ತೆ ಹೇಳಿ."

ವಿಜಿ ಕೆಳದನಿಯಲ್ಲಿ ಕೇಳಿದರು, "ಜಾಹಿದಾಗೆ ಹೇಳಿದ್ರಾ?"

"ಹೇಳದೆ ಇರ್ತೀನಾ ಅಕ್ಕಾ? ಅವಳಿಗೆ ಗೊತ್ತಾದ್ಮೇಲೆ ತಾನೆ ಇದೆಲ್ಲಾ. ಖುಷಿಯಾಗಿ ಕುಣೀತಿದ್ದಾಳೆ!"

ವಿಜಿ ಸೆರಗಿಗೆ ತಡಕಾಡಿ, ಚೂಡಿದಾರ್ ಎಂದು ನೆನಪಾಗಿ, ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡರು. "ಎಂಥಾ ಹೆಣ್ಣುಮಗಳು ರೀ! ನಾನಾಗಿದ್ರೆ ಅತ್ತು ಸಾಯ್ತಿದ್ದೆ."

"ಅಳೋದ್ಯಾಕೆ ಅಕ್ಕಾ? ಹದಿನಾರು ತಿಂಗಳ ಮೇಲೆ ಎಲ್ರೂ ಒಟ್ಟಿಗೆ ಇರ್ತೀವಿ."

"ಅದೇ ದೊಡ್ಡದು ಬಿಡಿ," ಅಂದರು ಅರವಿಂದ್. "ಆ ಕಾರು... ನಾನೇ ತಗೋತೀನಿ. ನೀವು ಎಷ್ಟು ಹೇಳಿದ್ರೆ ಅಷ್ಟು."

ಕನ್ನಡಿಗನೊಬ್ಬ ಚೌಕಾಸಿ ಮಾಡದೆ ಹಳೆಯ ಕಾರು ಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ನಾನು ಬಿಸಿಬೇಳೆಬಾತ್ ತಿನ್ನುತ್ತಿದ್ದೆ. ವಿಜಿ ಹೋಗುವಾಗ ಅಕ್ಕಿಯ ಚೀಲವನ್ನು ದಿಟ್ಟಿಸಿ ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದು, "ಒಬ್ಬರನ್ನೇ ಬಿಡಬೇಡಪ್ಪಾ. ಮನಸ್ಸಿಗೆ ಹಚ್ಚಿಕೊಂಡಿದ್ದಾರೆ," ಅಂದರು.

ಆ ಮಾತನ್ನು ಬಾಯಿಬಿಟ್ಟು ಆಡಿದವರು ಮಾರನೆಯ ದಿನ ಬಂದ ಅರವಿಂದ್ ಅವರ ತಾಯಿ ಚಿಕ್ಕತಾಯಮ್ಮ. ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅವರು ಸ್ವೆಟರ್ ಮೇಲೆ ಸೀರೆ ಉಟ್ಟು, ಅದರ ಮೇಲೆ ಇನ್ನೊಂದು ಸ್ವೆಟರ್ ಹಾಕಿ, ದಿನವೂ ಪಾರ್ಕಿಂಗ್ ಲಾಟಿನಲ್ಲಿ ಹತ್ತು ಸುತ್ತು ನಡೆಯುತ್ತಿದ್ದರು. ಯಾವ ಮನೆಯ ಕಾರು ಹಗಲು ಹೊತ್ತಿನಲ್ಲಿ ನಿಂತಿದೆ ಎಂಬುದು ಅವರಿಗೆ ಬಾಯಿಪಾಠ. ನಮ್ಮ ಮನೆಯೊಳಗೆ ಬಂದವರು ಸೀದಾ ಅಡುಗೆಮನೆಗೆ ಹೋಗಿ ಗ್ರೈಂಡರಿನ ಮೇಲೆ ಕೈಯಿಟ್ಟರು.

"ಮಗಾ, ಇದ್ನ ನಂಗೆ ಕೊಟ್ಬುಡು. ಬ್ಯಾರೆಯೋರಿಗೆ ಮಾರ್ಬ್ಯಾಡ."

"ಗ್ರೈಂಡರಾ? ನಾನು ಮಾರ್ತಿಲ್ಲ ಅಮ್ಮಾ. ಜಾಹಿದಾ ಬರ್ತಾಳೆ, ದೋಸೆ ಮಾಡ್ತಾಳೆ."

"ಅಯ್ಯೋ ಕೂಸೇ, ಅವಳ್ಯಾಕ್ ಬತ್ತಾಳೆ ಈಗ? ನೀನೇ ಓಯ್ತಾ ಇದ್ದೀಯ. ಕೆಲ್ಸ ಓಯ್ತಂತಲ್ಲಪ್ಪಾ. ಏನ್ಮಾಡಾಕಾಯ್ತದೆ, ದೇವ್ರವ್ನೆ. ಜಾರ್ ಎಲ್ಲಿ ಮಡ್ಗಿದ್ದೀ?"

ಗೌಸ್ ಭಾಯ್ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿದ್ದ ಬಿಸಿಬೇಳೆಬಾತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ನನ್ನ ಕೆಲಸ ಎಲ್ಲೂ ಹೋಗಿಲ್ಲಮ್ಮಾ!"

"ಊಂ ಊಂ. ಎಲ್ರೂ ಅಂಗೇ ಅನ್ನಾದು. ಮೂರನೇ ಬ್ಲಾಕ್‌ನೋನೂ ಅಂಗೇ ಅಂದ. ಈಗ ಅವನ ಮಂಚದ ಮ್ಯಾಲೆ ನಾನ್ ಮಲಗ್ತಿವ್ನಿ." ಗ್ರೈಂಡರನ್ನು ನನ್ನ ತಲೆಯ ಮೇಲೆ ಹೊರಿಸಿಕೊಂಡೇ ಅವರು ಹೋದದ್ದು.

ಇಲ್ಲ ಎನ್ನುವುದೇ ಇಂಥ ಸಂದರ್ಭದಲ್ಲಿ ದೊಡ್ಡ ಸಾಕ್ಷಿ. ಬುಧವಾರ ಕನ್ನಡ ಸಂಘದ ಹಿರಿಯರಾದ ಸಿದ್ದರಾಮಪ್ಪ ಅಂಕಲ್ ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಬಂದರು. ಹುಬ್ಬಳ್ಳಿಯವರು, ಈ ದೇಶಕ್ಕೆ ಬಂದು ಮೂವತ್ತು ವರ್ಷ. ಯಾರಿಗೆ ಏನು ತೊಂದರೆಯಾದರೂ ಪರಿಹಾರ ಅವರ ಕೈಚೀಲದಲ್ಲಿರುತ್ತಿತ್ತು. ಭಾಯ್ ಅವರ ಮುಂದೆ ಸಂಬಳದ ಚೀಟಿ ಹಿಡಿದರು.

"ನೋಡಿ ಅಂಕಲ್. ನೀವೇ ಓದಿ."

ಅಂಕಲ್ ಕನ್ನಡಕ ಹಾಕಿಕೊಂಡು ಓದಿದರು. "ಹೂಂ. ಇದು ಹ್ವಾದ ತಿಂಗಳದು."

"ಈ ತಿಂಗಳದು ಈ ತಿಂಗಳು ಮುಗಿದ ಮೇಲೆ ಬರುತ್ತೆ!"

"ಅದನ್ನ ನಾನೂ ಹೇಳಾಕತ್ತೇನಿ. ಬರೂದಿಲ್ಲ." ಅವರು ಭಾಯ್ ಬೆನ್ನು ತಟ್ಟಿದರು. "ಗಂಡಸ್ರು ನಾಚ್ಕೊಬಾರ್ದು ತಮ್ಮಾ. ಟೈ ಕಟ್ಕೊಂಡ್ ಮನಿ ಬಿಟ್ಟು, ಇಡೀ ದಿನ ಲೈಬ್ರರ್‍ಯಾಗ ಕುಂತು ಬರೋರು ನಮ್ಮಾಗ ಆರು ಮಂದಿ ಅದಾರ. ನೀನೂ ಹಂಗ ಮಾಡಾಕತ್ತೀ ಅಂತ ನಂಗೇನು ಗೊತ್ತಿಲ್ಲೇನು? ಏ ಅಮರೇಶ, ನೀ ನಮ್ಮ ಕಡೆ ಹುಡುಗ, ಖರೇ ಹೇಳು. ಇವ್ರ ರೆಸ್ಯುಮೆ ಎಲ್ಲಿ ಐತಿ?"

ಅದು ನಾವಿಬ್ಬರೂ ಬಳಸುತ್ತಿದ್ದ ಕಂಪ್ಯೂಟರಿನಲ್ಲಿತ್ತು. ಹಿರಿಯರು ಕೇಳಿದರೆ ಕೊಡದಿರುವುದು ನಮ್ಮ ಕಡೆ ಪದ್ಧತಿಯಲ್ಲ. ಸಿದ್ದರಾಮಪ್ಪ ಅಂಕಲ್ ಅವತ್ತೇ ಅದನ್ನು ನ್ಯೂಜೆರ್ಸಿಯ ಅರವತ್ತು ಕಂಪನಿಗಳಿಗೆ ಕಳಿಸಿದರು. ಪಟ್ಟಿ ದೊಡ್ಡದು. ಅದರಲ್ಲಿ ಗೌಸ್ ಭಾಯ್ ಕೆಲಸ ಮಾಡುತ್ತಿದ್ದ ಕಂಪನಿಯೂ ಇತ್ತು.

ಗುರುವಾರ ಭಾಯ್ ಅವರನ್ನು ಅವರ ಮ್ಯಾನೇಜರ್ ರಾಮ್ ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಆ ದಿನಗಳಲ್ಲಿ ಮ್ಯಾನೇಜರ್ ಬಾಗಿಲು ಹಾಕಿಕೊಂಡರೆ ಹೊರಗಿನವರು ಎದ್ದು ನಿಲ್ಲುತ್ತಿದ್ದರು. ಒಬ್ಬ ಆಗಲೇ ಭಾಯ್ ಅವರ ಗಾಲಿ ಕುರ್ಚಿಯನ್ನು ತನ್ನ ಮೇಜಿಗೆ ಎಳೆದುಕೊಂಡಿದ್ದ. ಒಳಗೆ ನಡೆದದ್ದನ್ನು ಭಾಯ್ ಸಂಜೆ ನನಗೆ ಅಕ್ಷರ ಬಿಡದೆ ಹೇಳಿದರು.

ರಾಮ್ ಬೆಂಗಳೂರಿನ ಮಲ್ಲೇಶ್ವರದವರು, ಮಾತು ಮೆತ್ತಗೆ. "ಗೌಸ್, ನಿಮ್ಮ ರೆಸ್ಯುಮೆ ಬಂದಿದೆ ನನಗೆ. ನಮ್ಮಲ್ಲೇ ಕೆಲಸ ಮಾಡ್ತಾ ನಮ್ಮಲ್ಲೇ ಕೆಲಸ ಕೇಳಿದ್ದೀರಿ. ಏನು ವಿಷಯ?"

"ಏನಿಲ್ಲ ಸರ್. ನಾನು ಕಾರು ಮಾರ್ದೆ. ಅಷ್ಟೇ ಆಗಿದ್ದು."

ರಾಮ್ ತಟಕ್ಕನೆ ಎದ್ದು ಪರದೆ ಎಳೆದರು. "ಕಾರು ಮಾರಿದ್ರಾ? ಯಾವಾಗ? ಯಾರು ಹೇಳಿದ್ರು ನಿಮಗೆ?"

"ಯಾರು ಏನು ಹೇಳ್ಬೇಕು ಸರ್?"

"ಮುಚ್ಚಿಡ್ಬೇಡಿ ಗೌಸ್. ಕೆಲಸದಿಂದ ತೆಗೆಯೋರ ಲಿಸ್ಟ್ ನೋಡಿದ್ದೀರಿ ನೀವು. ಲೇಬಲ್ ನೋಡೋರ ಕೈಗೆ ಎಲ್ಲಾ ಕಾಗದ ಬರುತ್ತೆ. ಒಂದೇ ಒಂದು ಹೇಳಿ, ನನ್ನ ಹೆಸರಿದೆಯಾ?"

"ನನ್ನ ಹೆಂಡತಿ ಮಗಳು ಬರ್ತಿದ್ದಾರೆ ಸರ್! ನಾಲ್ಕು ಬಾಗಿಲಿನ ಕಾರು ಬೇಕಿತ್ತು!"

"ಒಳ್ಳೆ ಮನುಷ್ಯ ನೀವು. ಹೇಳೋಕೆ ಕಷ್ಟ ಆಗ್ತಿದೆ ನಿಮಗೆ, ಗೊತ್ತಾಗುತ್ತೆ," ಎಂದು ರಾಮ್ ಭಾಯ್ ಅವರ ಕೈ ಹಿಡಿದುಕೊಂಡರು. ಅವತ್ತು ಸಂಜೆ ಆರು ಗಂಟೆಗೆ ಮೇಲಿಂಗ್ ಲಿಸ್ಟಿನಲ್ಲಿ ಇನ್ನೂ ಮೂರು ಕಾರುಗಳು ಮಾರಾಟಕ್ಕೆ ಬಂದವು. ಮೂರೂ ಸಮರ್‌ಸೆಟ್ಟಿನವು. ಒಂದು ರಾಮ್ ಅವರದು.

ನಗುತ್ತಿದ್ದವನು ನಾನೊಬ್ಬನೇ. ಭಾಯ್ ನಗಲಿಲ್ಲ. ಅವರ ಹೆದರಿಕೆಯೇ ಬೇರೆ. "ಊರಿಗೆ ಗೊತ್ತಾದ್ರೆ ಅಮರೇಶ? ಮಾವನಿಗೆ ಗೊತ್ತಾದ್ರೆ? ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಡ್ತಾರೆ."

"ಯಾರ್ ಹೇಳ್ತಾರ್ರಿ ಭಾಯ್?"

ಚಿಕ್ಕತಾಯಮ್ಮನ ಕಿರಿಮಗಳ ಮನೆ ಮೈಸೂರಿನಲ್ಲಿದೆ ಎಂಬುದು ನಮಗಿಬ್ಬರಿಗೂ ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಎಂದಿನಂತೆ ವೆಬ್‌ಕ್ಯಾಮ್ ಹಚ್ಚಿದರೆ, ಜಾಹಿದಾ ಭಾಭಿ ಕೂರುವ ಜಾಗದಲ್ಲಿ ಭಾಯ್ ಅವರ ಮಾವ ಕೂತಿದ್ದರು. ಬಿಳಿ ಟೋಪಿ, ಕೆಂಪು ಗಡ್ಡ, ಕೋರ್ಟಿನಲ್ಲಿ ಕೂತವರ ಹಾಗೆ. ಅವರೆಲ್ಲ ಉರ್ದುವಿನಲ್ಲಿ ಮಾತಾಡುತ್ತಾರೆ, ಲಿಂಗಸುಗೂರಿನವನಾದ ನನಗೆ ಅದು ಕನ್ನಡದಷ್ಟೇ ತಿಳಿಯುತ್ತದೆ.

"ಕೆಲಸ ಹೋಯ್ತಂತೆ."

"ಸುಳ್ಳು ಮಾಮು! ಖುದಾ ಕಸಮ್, ಇದೆ."

"ನಿನ್ನ ಹಿಂದೆ ಸೋಫಾ ಇತ್ತು. ಎಲ್ಲಿ?"

ಭಾಯ್ ತಿರುಗಿ ನೋಡಿದರು. ಸೋಫಾ ಹಿಂದಿನ ದಿನವಷ್ಟೇ ಹೋಗಿತ್ತು. ಸಿದ್ದರಾಮಪ್ಪ ಅಂಕಲ್ ಕಳಿಸಿದ ಇಬ್ಬರು, ಮಾರಿದ ದುಡ್ಡನ್ನು ವಿಮಾನದ ಟಿಕೆಟ್ಟಿಗೆ ಹಾಕುತ್ತೇವೆಂದು ಹೇಳಿ, ಭಾಯ್ ನಮಾಜಿಗೆ ಹೋದ ಹೊತ್ತಿನಲ್ಲಿ ಅದನ್ನು ಹೊತ್ತುಕೊಂಡು ಹೋಗಿದ್ದರು. ಒಂದು ಕಡೆ ಹಿಡಿದವನು ನಾನು. ಖಾಲಿ ಗೋಡೆಯ ಮುಂದೆ, ನೆಲದ ಮೇಲೆ, ಮಗುವಿನ ಸೀಟಿನಲ್ಲಿ ಅಕ್ಕಿ ಬೇಳೆ ಬೆಲ್ಟು ಹಾಕಿಕೊಂಡು ಕೂತಿದ್ದವು.

"ಅದೇನದು?" ಮಾವ ಪರದೆಗೆ ಮುಖ ತಂದರು. ಬಹಳ ಹೊತ್ತು ನೋಡಿದರು. ಆಮೇಲೆ ದನಿ ಮೃದುವಾಯಿತು. "ನೋಡು ಗೌಸ್. ನೀನು ವಾಪಸ್ ಬಾ ಬೇಟಾ. ಟಿಕೆಟ್ ನಾನು ಕ್ಯಾನ್ಸಲ್ ಮಾಡಿಸ್ತೀನಿ."

ಅವರ ಭುಜದ ಹಿಂದೆ, ಬಾಗಿಲ ಹತ್ತಿರ, ಜಾಹಿದಾ ಭಾಭಿ ತಹ್ರೀಮಳನ್ನು ಎತ್ತಿಕೊಂಡು ನಿಂತಿದ್ದರು. ಮಗು ಕೈ ಆಡಿಸಿತು. ಕೈ ಅರ್ಧ ಎತ್ತಿದಾಗಲೇ ಚಿತ್ರ ನಿಂತುಹೋಯಿತು, ಲೈನ್ ಕಡಿಯಿತು. ಭಾಯ್ ಪರದೆ ಮುಚ್ಚಲಿಲ್ಲ. ಆ ಅರ್ಧ ಎತ್ತಿದ ಕೈ ಕಂಪ್ಯೂಟರಿನ ಮೇಲೆ ಸಂಜೆಯ ತನಕ ಹಾಗೆಯೇ ಇತ್ತು. ನಾನು ನನ್ನ ಅಸೈನ್‌ಮೆಂಟಿಗೆ ಕಂಪ್ಯೂಟರ್ ಕೇಳಬೇಕಿತ್ತು. ಕೇಳಲಿಲ್ಲ.

ಆಮೇಲಿನ ನಾಲ್ಕು ದಿನ ಫೋನ್ ಮಾಡಿದರೆ ಮಾವನೇ ಎತ್ತುತ್ತಿದ್ದರು. ಟಿಕೆಟ್ ಏನಾಯಿತು ಎಂದರೆ "ಆಗುತ್ತೆ, ಆಗುತ್ತೆ" ಎನ್ನುತ್ತಿದ್ದರು. ಏನು ಆಗುತ್ತೆ ಎಂದು ಹೇಳುತ್ತಿರಲಿಲ್ಲ. ಅಕ್ಕಪಕ್ಕದವರ ಡಬ್ಬಿಗಳು ಬರುತ್ತಲೇ ಇದ್ದವು: ವಾಂಗಿಬಾತ್, ಪುಳಿಯೋಗರೆ, ಓಲ್ಡ್ ಬ್ರಿಡ್ಜ್‌ನಿಂದ ಎಣ್ಣೆಗಾಯಿ, ಜೋಳದ ರೊಟ್ಟಿ. ನಾನು ಎರಡು ಕಿಲೋ ದಪ್ಪಗಾದೆ. ಭಾಯ್ ಅಷ್ಟೇ ಇಳಿದರು.

ಶುಕ್ರವಾರ ಬಂತು. ಅವರು ಬರುವುದು ಗೊತ್ತಿಲ್ಲ, ಕೆಂಪು ಕಾರು ಅರವಿಂದ್ ಮನೆ ಮುಂದಿದೆ, ಆದರೂ ಗೌಸ್ ಭಾಯ್ ಅರ್ಧ ದಿನ ರಜಾ ಹಾಕಿ ಇಸ್ತ್ರಿ ಮಾಡಿದ ಶರಟು ತೊಟ್ಟರು.

"ಭಾಯ್, ಅವ್ರು ಬರಲಿಲ್ಲಂದ್ರ?"

"ಬರಲಿಲ್ಲ ಅಂದ್ರೂ ಕಾರ್ ಇರ್ಲಿ ಅಮರೇಶ. ಇದ್ರೆ ಬರ್ತಾರೆ ಅಂತ ಅನ್ಸುತ್ತೆ."

ಬಸ್ಸಿಳಿದು, ಫುಟ್‌ಪಾತ್ ಇಲ್ಲದ ರೂಟ್ ಒನ್ ಅಂಚಿನಲ್ಲಿ, ಮಗುವಿನ ಸೀಟು ಹೊತ್ತುಕೊಂಡು ನಡೆದುಹೋದೆವು. ಅಕ್ಕಿಯನ್ನು ನಾನು ಹೊತ್ತೆ. ನೀಲಿ ಕ್ಯಾಮ್ರಿ ತೊಳೆಸಿಕೊಂಡು, ಮುಂದೆ ಒಂದು ಬಲೂನು ಕಟ್ಟಿಸಿಕೊಂಡು ನಿಂತಿತ್ತು. ಟೋನಿ ಬಾಗಿಲುಗಳನ್ನು ಒಂದೊಂದಾಗಿ ತೆರೆದು ತೋರಿಸಿದ, ನಾಲ್ಕೂ. ಇನ್ನು ಸಾಲದ ಕಾಗದವೊಂದೇ ಬಾಕಿ. ಸಾಲ ಕೊಡುವವರು ಕೆಲಸ ಇರುವುದು ನಿಜವೇ ಎಂದು ವಿಚಾರಿಸಲು ಮ್ಯಾನೇಜರಿಗೆ ಫೋನ್ ಮಾಡುತ್ತಾರೆ. ಒಂದು ನಿಮಿಷದ ಕೆಲಸ.

ಟೋನಿ ಹತ್ತು ನಿಮಿಷದ ಮೇಲೆ ಹೊರಗೆ ಬಂದ. ಮೀಸೆ ಜೋತುಬಿದ್ದಿತ್ತು. ಗೌಸ್ ನಿಮ್ಮಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಕೇಳಿದ್ದಕ್ಕೆ ರಾಮ್, "ಈಗ ಎರಡೂ ಕಾಲು ಗಂಟೆಗೆ, ಹೌದು," ಎಂದಿದ್ದರಂತೆ. ನಾಳೆ ಎಂದರೆ, "ನಾಳೆಯ ಮಾತನ್ನು ಅವರನ್ನೇ ಕೇಳಿ, ಅವರು ಲಿಸ್ಟ್ ನೋಡಿದ್ದಾರೆ," ಎಂದರಂತೆ. ಈ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ, ಯಾವ ಮ್ಯಾನೇಜರೂ ಗಂಟೆ ಸಮೇತ ಹೇಳಿದ್ದು ಕೇಳಿಲ್ಲ ಎಂದ ಟೋನಿ. ಸಾಲ ಆಗಲಿಲ್ಲ. ಅವನೇ ನೀಲಿ ಕಾರಿನಿಂದ ಬಲೂನು ಬಿಚ್ಚಿ, ಏನು ಮಾಡಬೇಕೆಂದು ತಿಳಿಯದೆ, ಅಕ್ಕಿಯ ಚೀಲಕ್ಕೆ ಕಟ್ಟಿದ.

ನಾವು ಲಾಟಿನ ಅಂಚಿನ ಕಲ್ಲುಕಟ್ಟೆಯ ಮೇಲೆ ಕೂತೆವು. ಲಾರಿಗಳು ಹೋಗುತ್ತಿದ್ದವು. ಆಗ ಭಾಯ್ ಫೋನ್ ಬಡಿದುಕೊಂಡಿತು. ಗುರುತಿಲ್ಲದ ನಂಬರು. ಲಾರಿ ಸದ್ದಿಗೆ ಕೇಳಿಸದೆಂದು ಸ್ಪೀಕರ್ ಹಾಕಿದರು.

"ನಾನು. ಏರ್‌ಪೋರ್ಟಿಂದ." ಜಾಹಿದಾ ಭಾಭಿ ಏದುಸಿರು ಬಿಡುತ್ತಿದ್ದರು. "ಬೂತಿಂದ ಮಾಡ್ತಿದ್ದೀನಿ. ಅಬ್ಬಾ ಟಿಕೆಟ್ ವಾಪಸ್ ಕೊಡಿ ಅಂತ ನಿನ್ನೆ ಏಜೆಂಟ್ ಹತ್ರ ಹೋಗಿದ್ರು. ನಾನು ಮೊದ್ಲೇ ಹೋಗಿ ಈಸ್ಕೊಂಡು ಬಂದಿದ್ದೆ. ಇವಳೂ ಇದ್ದಾಳೆ, ಸೂಟ್‌ಕೇಸ್ ಮೇಲೆ ಕೂತಿದ್ದಾಳೆ. ಕುಕ್ಕರ್, ತವಾ ಎಲ್ಲಾ ಹಾಕ್ಕೊಂಡಿದ್ದೀನಿ, ಅಲ್ಲಿರೋದೆಲ್ಲಾ ಮಾರಿಬಿಟ್ಟಿದ್ದೀರಂತಲ್ಲಾ."

"ಜಾಹಿದಾ, ಕೇಳು. ಕೆಲಸ ಏನೂ..."

"ಏನೂ ಹೇಳ್ಬೇಡಿ. ಅಬ್ಬಾ ಹೇಳ್ತಾರೆ, ಕೆಲಸ ಇಲ್ಲದೋನ ಹತ್ರ ಹೋಗಿ ಏನು ಮಾಡ್ತೀಯ ಅಂತ." ಒಂದು ಕ್ಷಣ ಬೇರೆ ಯಾವುದೋ ವಿಮಾನದ ಕರೆ ಕೇಳಿಸಿತು. "ಮದುವೆಯಾಗಿ ಆರು ವರ್ಷ. ಮೊದ್ಲು ನಿಮ್ಮದು ನೈಟ್ ಶಿಫ್ಟ್, ಆಮೇಲೆ ಅಮೇರಿಕಾ. ಹಗಲು ಹೊತ್ತು ನಿಮ್ಮ ಮುಖ ಹೆಂಗಿರುತ್ತೆ ಅಂತ ನನಗೆ ಗೊತ್ತಿಲ್ಲ. ಕೆಲಸ ಇಲ್ದಿದ್ರೆ ಇಲ್ಲ ಬಿಡಿ. ಮನೇಲಾದ್ರೂ ಇರ್ತೀರಲ್ಲಾ. ಇರ್ತೀರಾ ತಾನೆ?"

ಗೌಸ್ ಭಾಯ್ ಹತ್ತು ದಿನ ಇಡೀ ಎಡಿಸನ್ನಿಗೆ, ಓಲ್ಡ್ ಬ್ರಿಡ್ಜಿಗೆ, ಸಮರ್‌ಸೆಟ್ಟಿಗೆ, ಮೈಸೂರಿಗೆ ನಿಜ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದರು. ಹೇಳಲು ಬಾಯಿ ತೆರೆದರು. ಫೋನನ್ನು ನೋಡಿದರು.

"ಹೌದು," ಅಂದರು. "ಕೆಲಸ ಹೋಯ್ತು. ಮನೇಲೇ ಇರ್ತೀನಿ. ಬಾ."

ಮರುದಿನ ಅರವಿಂದ್ ಭಾಯ್ ಅವರನ್ನೂ ನನ್ನನ್ನೂ ಕೆಂಪು ಕಾರಿನಲ್ಲೇ ಕೂರಿಸಿಕೊಂಡು ನ್ಯೂಆರ್ಕಿಗೆ ಹೊರಟರು. ಚಿಕ್ಕತಾಯಮ್ಮ ಮುಂದಿನ ಸೀಟಿನಲ್ಲಿ ಹತ್ತಿ ಕೂತು, ವಿಮಾನದಿಂದ ಇಳಿಯುವವಳಿಗೆ ಹೆಂಗಸರೊಬ್ಬರು ಎದುರಿಗಿರಬೇಕು ಎಂದು ಇಳಿಯಲು ಒಪ್ಪಲಿಲ್ಲ. ಬರುವಾಗ ಸೂಟ್‌ಕೇಸುಗಳನ್ನೆಲ್ಲ ನಾನು ಟ್ರೇನಿನಲ್ಲಿ ತಂದೆ. ಅವತ್ತು ಮಳೆ ಬೇರೆ, ಬಲಗಡೆಯ ಬಾಗಿಲು ತೆರೆಯಲಿಲ್ಲ. ಗೌಸ್ ಭಾಯ್, ಜಾಹಿದಾ ಭಾಭಿ, ಮಧ್ಯೆ ಸೀಟು ಸಮೇತ ತಹ್ರೀಮ್, ಮೂವರೂ ಡ್ರೈವರ್ ಪಕ್ಕದ ಸಂದಿಯಿಂದಲೇ ಹಿಂದಕ್ಕೆ ತೂರಿದರಂತೆ. ಮನೆ ಮುಂದೆ ಇಳಿಯುವಾಗ ನೋಡಿದೆ, ಮೂವರ ಮೊಣಕಾಲೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು. ಯಾರಿಗೂ ಬಿಡಿಸಿಕೊಳ್ಳುವ ಅವಸರವಿರಲಿಲ್ಲ.

ಭಾಯ್ ಏರ್‌ಪೋರ್ಟಿನಿಂದಲೇ ರಾಮ್‌ಗೆ ಫೋನ್ ಮಾಡಿ ಹತ್ತು ದಿನ ರಜಾ ಕೇಳಿದ್ದರು. ರಾಮ್ ಹಿಗ್ಗಿಹೋದರು. ಕೆಲಸ ಗಟ್ಟಿಯಿಲ್ಲದವನು ಈ ಕಾಲದಲ್ಲಿ ಹತ್ತು ದಿನ ರಜಾ ಕೇಳುತ್ತಾನೆಯೇ? ಲಿಸ್ಟಿನಲ್ಲಿ ಯಾರ ಹೆಸರೂ ಇರಲಿಕ್ಕಿಲ್ಲ! ಮಾರಾಟಕ್ಕಿದ್ದ ಮೂರೂ ಕಾರುಗಳು ಅವತ್ತೇ ಮೇಲಿಂಗ್ ಲಿಸ್ಟಿನಿಂದ ಇಳಿದವು.

ನಾನು ಅರವಿಂದ್ ಮನೆಯ ಹಾಲಿಗೆ ಹಾಸಿಗೆ ಬದಲಾಯಿಸಿದೆ. ಊಟಕ್ಕೆ ಮಾತ್ರ ಭಾಯ್ ಮನೆಗೆ ಹೋಗುತ್ತಿದ್ದೆ. ಸೋಫಾ ಇಲ್ಲ, ಕಾರಿಲ್ಲ, ಗ್ರೈಂಡರಿಲ್ಲ. ಮೂವರೂ ಬೆಳಿಗ್ಗೆ ನೆಲದ ಮೇಲೆ ಕೂತು ಚಾ ಕುಡಿಯುತ್ತಿದ್ದರು. ರೂಸ್‌ವೆಲ್ಟ್ ಪಾರ್ಕಿನ ಕೆರೆಯ ತನಕ ನಡೆದುಕೊಂಡು ಹೋಗಿ ಬಾತುಕೋಳಿಗಳನ್ನು ನೋಡಿ ನಡೆದುಕೊಂಡೇ ಬರುತ್ತಿದ್ದರು. ಮಧ್ಯಾಹ್ನ ತಹ್ರೀಮ್ ಅಪ್ಪನ ಹೊಟ್ಟೆಯ ಮೇಲೆ ಮಲಗುತ್ತಿದ್ದಳು. ಭಾಯ್ ಶಾಸ್ತ್ರಕ್ಕೆಂದು ಕಂಪ್ಯೂಟರ್ ತೆರೆದು ಕೆಲಸ ಹುಡುಕುವ ಮುಖ ಮಾಡಿದರೆ ಭಾಭಿ ಬಂದು ಮುಚ್ಚಿಬಿಡುತ್ತಿದ್ದರು. "ಇವತ್ತು ಬೇಡ, ನಾಳೆ ಹುಡುಕಿ." ನಾಳೆಯೂ ಅದನ್ನೇ ಹೇಳುತ್ತಿದ್ದರು.

ಹತ್ತು ದಿನ ಮುಗಿಯಲು ಎಷ್ಟು ಹೊತ್ತು. ಹನ್ನೊಂದನೆಯ ಬೆಳಿಗ್ಗೆ ಭಾಯ್ ಶರಟು ತೊಟ್ಟು, ತೊದಲುತ್ತಾ, ಹಳೆಯ ಕಂಪನಿಯವರೇ ಮತ್ತೆ ಕರೆದಿದ್ದಾರೆ, ಅದೇ ಕೆಲಸ, ಅದೇ ಕುರ್ಚಿ ಎಂದು ಹೇಳಿದರು. ಅರ್ಧ ಗಂಟೆಯಲ್ಲಿ ಸುದ್ದಿ ಹಬ್ಬಿತು. ಸಿದ್ದರಾಮಪ್ಪ ಅಂಕಲ್ ಧಾರವಾಡ ಪೇಡೆಯ ಡಬ್ಬಿ ಹಿಡಿದು ಬಂದು, "ಅರವತ್ತು ಕಂಪನಿಗೆ ಕಳ್ಸಿದ್ದೆ, ಒಂದರೆ ಬಲ್ಯಾಗ ಬಿತ್ತು ನೋಡ್ರಿ!" ಎಂದು ಎಲ್ಲರಿಗೂ ಹಂಚಿದರು. ವಿಜಿ ಭಾಭಿಯನ್ನು ತಬ್ಬಿಕೊಂಡರು. ಟೋನಿಯ ಫೋನೂ ಬಂತು, ಈ ಸಲ ರಾಮ್ ಗಂಟೆ ಹೇಳದೆ ಹೌದು ಎಂದಿದ್ದಾರೆ, ಸಂಜೆ ಬಂದು ಕಾರು ತೆಗೆದುಕೊಂಡು ಹೋಗಿ ಎಂದು. ಮಂದಿಯೆಲ್ಲ ಸಂತೋಷಪಟ್ಟು ಕೆಳಗಿಳಿದು ಹೋದರು.

ಜಾಹಿದಾ ಭಾಭಿ ಕೈಯಲ್ಲಿ ಪೇಡೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ತಿಂದಿರಲಿಲ್ಲ.

"ಖುಷಿ ಆಗ್ಲಿಲ್ವಾ?" ಅಂದರು ಗೌಸ್ ಭಾಯ್.

"ಆಯ್ತು," ಅಂದರು ಭಾಭಿ. ಗಂಡನ ಶರಟಿನ ಗುಂಡಿಯನ್ನು, ಸರಿಯಾಗೇ ಇದ್ದದ್ದನ್ನು, ಮತ್ತೊಮ್ಮೆ ಹಾಕಿದರು. "ಇನ್ನೊಂದು ವಾರ ಬಿಟ್ಟು ಸಿಕ್ಕಿದ್ರೆ ಆಗ್ತಿರ್ಲಿಲ್ವಾ?"